ಲಗ್ನಪತ್ರಿಕೆ ಅಂಗಡಿಯ ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಬಾರದೆ ಹೋದದ್ದು: ರಿಪೇರಿಯ ದಾಖಲೆ

ಯಂತ್ರ: ನಾಲ್ಕನೇ ಪೀಳಿಗೆಯ ಕೋರ್ ಐ5, ಎಚ್81 ಬೋರ್ಡು, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಎನ್ವಿಡಿಯಾ ಜಿಟಿ 710 ಕಾರ್ಡು. ಲಿನಕ್ಸ್ ಮಿಂಟ್ 21.3, ಸಿನಮನ್ ಡೆಸ್ಕ್‌ಟಾಪ್. ಇರುವುದು ಬೆಂಗಳೂರಿನ ಬಳೇಪೇಟೆಯಲ್ಲಿ, ನಮ್ಮ ಸೋದರಮಾವನ ಲಗ್ನಪತ್ರಿಕೆ ಅಂಗಡಿಯಲ್ಲಿ.

ಎರಡು ಮಾನಿಟರುಗಳಿವೆ. ಒಂದು ಡಿಟಿಪಿ ಮಾಡುವ ಹುಡುಗನ ಮುಂದೆ, ಇನ್ನೊಂದು ಗಿರಾಕಿಯ ಕಡೆಗೆ ತಿರುಗಿಸಿಟ್ಟದ್ದು. ಗಿರಾಕಿಗಳು ಅದರ ಮುಂದೆ ಕೂತು "ವರನ ಹೆಸರಿಗೆ ಚಿ|| ರಾ|| ಬಿಟ್ಟಿದೀರ", "ತಾತನ ಹೆಸರಿನ ಹಿಂದೆ ದಿ|| ಹಾಕಿ", "ಮುಹೂರ್ತದ ಲಗ್ನ ಕಟಕ ಅಲ್ಲ, ಸಿಂಹ" ಅಂತ ತಿದ್ದಿಸುತ್ತಾರೆ. ಜಿಟಿ 710 ಕಾರ್ಡು ಬಂದದ್ದೇ ಈ ಎರಡನೇ ಮಾನಿಟರಿಗಾಗಿ, ಬೋರ್ಡಿನ ವಿಜಿಎ ಪೋರ್ಟು ಸಡಿಲವಾಗಿದ್ದರಿಂದ.

ಫೋನಿನಲ್ಲಿ ಮಾವ ಹೇಳಿದ್ದು ಇಷ್ಟು: "ಪಾಸ್‌ವರ್ಡ್ ಹಾಕಿದ್ರೆ ವಾಪಸ್ ಅಲ್ಲಿಗೇ ಬರೋದು ಕಣೋ. ಈಗ ಅದೂ ಇಲ್ಲ, ಪೂರ್ತಿ ಕಪ್ಪು. ಶ್ರಾವಣದ ಪತ್ರಿಕೆಗಳೆಲ್ಲ ಅದರೊಳಗೇ ಇವೆ." ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಆದರೆ ಅಂಗಡಿಗೆ ಅದೇ ಹೆಚ್ಚು ಕೆಲಸದ ಕಾಲ. ಶ್ರಾವಣದ ಮುಹೂರ್ತಗಳಿಗೆಲ್ಲ ಪತ್ರಿಕೆ ಅಚ್ಚಾಗುವುದು ಆಗಲೇ.

ಆ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಪಾಸ್‌ವರ್ಡ್ ಹಾಕಿದ ಮೇಲೆ ಲಾಗಿನ್ ಪರದೆಗೇ ಮರಳುವುದು ಒಂದು, ಲಾಗಿನ್ ಪರದೆಯೇ ಬಾರದಿರುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಹುಡುಕುವ ಜಾಗವೂ ಬೇರೆ. ನಿಮ್ಮ ಯಂತ್ರದಲ್ಲಿ ಡೆಸ್ಕ್‌ಟಾಪ್ ಬರದಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಲಾಗಿನ್ ಪರದೆ ಬರುತ್ತಿದೆಯೋ ಇಲ್ಲವೋ?

ಈ ದಾಖಲೆ ಮಾವನ ಅಂಗಡಿಯಲ್ಲೂ ಇರಲಿ ಅಂತ ಕಮ್ಯಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ. ಎಕ್ಸ್‌ಆರ್ಗ್.0.ಲಾಗ್, ಎಕ್ಸ್11, .ಎಕ್ಸ್‌ಅಥಾರಿಟಿ ಇವುಗಳ 'ಎಕ್ಸ್', ಟ್ರ್ಯಾಶ್‌ನ 'ಟಿ', 200ಎಂನ 'ಎಂ' ಮಾತ್ರ ದೊಡ್ಡಕ್ಷರ.

1. ಶುಕ್ರವಾರ ಸಂಜೆ: ಯಾವುದು ನಿಂತಿದೆ, ಯಾವುದು ನಡೆಯುತ್ತಿದೆ

ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಅಂಗಡಿಗೆ ಹೋದಾಗ ಕೇಬಲ್ಲುಗಳನ್ನೆಲ್ಲ ಒಂದು ಸುತ್ತು ಬಿಚ್ಚಿ ಸಿಕ್ಕಿಸಿ ಆಗಿತ್ತು. ಆನ್ ಮಾಡಿದೆ. ಬೋರ್ಡಿನ ಲೋಗೋ ಬಂತು, ಮಿಂಟ್‌ನ ಲೋಗೋ ಬಂತು, ಆಮೇಲೆ ಕಪ್ಪು ಪರದೆ. ಎಡಗಡೆ ಮೇಲ್ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿನುಗುತ್ತಿತ್ತು. ಗಿರಾಕಿಯ ಮಾನಿಟರಿನಲ್ಲಿ 'ನೋ ಸಿಗ್ನಲ್'.

ಕ್ಯಾಪ್ಸ್ ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಹತ್ತಿ ಆರುತ್ತಿತ್ತು. ಅಂದರೆ ಕರ್ನಲ್ (ಲಿನಕ್ಸ್‌ನ ತಿರುಳು ಭಾಗ) ಜೀವಂತ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆ. ಬಿಳಿ ಅಕ್ಷರದಲ್ಲಿ ಲಾಗಿನ್ ಅಂತ ಕೇಳಿತು. ಹೆಸರು, ಪಾಸ್‌ವರ್ಡ್ ಕೊಟ್ಟೆ, ಒಳಗೆ ಬಿಟ್ಟಿತು. ಎಸ್‌ಎಸ್‌ಡಿ, ಫೈಲುಗಳು, ಪಾಸ್‌ವರ್ಡ್ ಎಲ್ಲ ಸರಿಯಿವೆ, ಏಳದೆ ಇರುವುದು ಚಿತ್ರದ ಭಾಗ ಮಾತ್ರ ಅಂತ ಅಷ್ಟರಿಂದಲೇ ತಿಳಿಯಿತು. ಮಾವನ ಕೆಲಸದ ಫೋಲ್ಡರನ್ನು ಎಲ್‌ಎಸ್ ಕೊಟ್ಟು ತೋರಿಸಿದೆ. "ಇದೆಯಾ? ಇದ್ರೆ ಸಾಕಪ್ಪ" ಅಂದು ಗಲ್ಲಾಪೆಟ್ಟಿಗೆಗೆ ಹೋದರು.

ಮಿಂಟ್‌ನಲ್ಲಿ ಚಿತ್ರದ ಪರದೆ ಎಫ್7ರಲ್ಲಿ, ಬರಹದ ಪರದೆಗಳು ಎಫ್1ರಿಂದ ಎಫ್6ರವರೆಗೆ. ಉಬುಂಟು ಅನ್ನುವ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಆದರೆ ಲಾಗಿನ್ ಎಫ್1ರಲ್ಲಿ, ಡೆಸ್ಕ್‌ಟಾಪ್ ಎಫ್2ರಲ್ಲಿ ಇರುತ್ತದೆ. ಎರಡರಲ್ಲೂ ಎಫ್3 ಖಾಲಿ, ಅದಕ್ಕೇ ಅದನ್ನೇ ಒತ್ತುವುದು. ಲ್ಯಾಪ್‌ಟಾಪ್ ಆದರೆ ಜೊತೆಗೆ ಎಫ್ಎನ್ ಕೀಲಿಯೂ ಬೇಕಾಗಬಹುದು.

2. ಹಳೆಯ ಕರ್ನಲ್‌ಗೆ ಹೋಗುವ ದಾರಿ ಮುಚ್ಚಿತ್ತು

ಅಪ್‌ಡೇಟ್ ಆದ ಮೇಲೆ ಪರದೆ ಹೋಗಿದ್ದರೆ ಎಲ್ಲಕ್ಕಿಂತ ಸುಲಭದ ಉಪಾಯ ಹಿಂದಿನ ಕರ್ನಲ್‌ನಲ್ಲಿ ಬೂಟ್ ಮಾಡುವುದು. ಆನ್ ಮಾಡಿದ ತಕ್ಷಣ ಎಸ್ಕೇಪ್ ಒತ್ತಿದರೆ, ಯಾವುದನ್ನು ಬೂಟ್ ಮಾಡಲಿ ಅಂತ ಕೇಳುವ ಗ್ರಬ್ ಮೆನು ಬರುತ್ತದೆ, ಹಳೆಯ ಬಯಾಸ್ ಆದರೆ ಶಿಫ್ಟ್ ಹಿಡಿದಿರಬೇಕು. ಎಸ್ಕೇಪನ್ನು ಜಾಸ್ತಿ ಸಲ ಒತ್ತಿದರೆ ಮೆನು ದಾಟಿ ಗ್ರಬ್‌ನ ಕಮ್ಯಾಂಡ್ ಸಾಲಿಗೆ ಹೋಗಿ ನಿಲ್ಲುತ್ತದೆ. ಆಗ ಗಾಬರಿ ಬೇಡ, 'ನಾರ್ಮಲ್' ಅಂತ ಟೈಪಿಸಿ ಎಂಟರ್ ಕೊಟ್ಟು, ಕೂಡಲೇ ಎಸ್ಕೇಪನ್ನು ಒಂದೇ ಸಲ ಒತ್ತಿ.

ಮೆನುವಿನ ಅಡ್ವಾನ್ಸ್ಡ್ ಆಯ್ಕೆಯೊಳಗೆ ನೋಡಿದರೆ ಕರ್ನಲ್ 6.8 ಒಂದೇ ಇತ್ತು, ಅದರ ಜೊತೆಗೆ ಅದರದೇ ರಿಕವರಿ ಸಾಲು. 5.15 ಕಾಣಲಿಲ್ಲ. ಮಿಂಟ್ 21.3 ಬರುವುದೇ 5.15ರ ಜೊತೆ, ಅದು ತಾನಾಗಿ ಮಾಯವಾಗುವುದಿಲ್ಲ. ಇದನ್ನು ಗುರುತು ಹಾಕಿಕೊಂಡು ಮುಂದೆ ಹೋದೆ.

3. ನೋಮೋಡ್‌ಸೆಟ್: ಇಲ್ಲಿ ಉಪಯೋಗಕ್ಕೆ ಬರಲಿಲ್ಲ

ಗ್ರಾಫಿಕ್ಸ್ ಡ್ರೈವರು ಪರದೆಯ ಮೋಡ್ ಹೊಂದಿಸುವುದು ಬೇಡ ಅಂತ ಕರ್ನಲ್‌ಗೆ ಹೇಳುವ ಬೂಟ್ ಆಯ್ಕೆ ಇದು. ಯಾರನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ. ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಯಲ್ಲಿರುವ 'ಕ್ವಯಟ್ ಸ್ಪ್ಲ್ಯಾಶ್' ತೆಗೆದು 'ನೋಮೋಡ್‌ಸೆಟ್' ಬರೆದು, ಎಫ್10 ಒತ್ತಿದರೆ ಆ ಒಂದು ಸಲಕ್ಕೆ ಮಾತ್ರ ಹಾಗೆ ಬೂಟ್ ಆಗುತ್ತದೆ. ಎನ್ವಿಡಿಯಾ ಕಾರ್ಡುಗಳಿಗೆ ಕರ್ನಲ್‌ನ ಜೊತೆಗೇ ಬರುವ ನುವೋ ಡ್ರೈವರಿನಿಂದ ಪರದೆ ಕೆಟ್ಟಿದ್ದರೆ ಇದು ಕೆಲಸ ಮಾಡುತ್ತದೆ.

ಇಲ್ಲಿ ಕಪ್ಪು ಹಾಗೇ ಇತ್ತು. ಆದರೆ ಕ್ವಯಟ್ ತೆಗೆದದ್ದರಿಂದ ಒಂದು ಲಾಭವಾಯಿತು. ಓಡುತ್ತಿದ್ದ ಸಾಲುಗಳ ನಡುವೆ ಕೆಂಪು ಬಣ್ಣದಲ್ಲಿ 'ಫೇಲ್ಡ್', ಪಕ್ಕದಲ್ಲಿ 'ಲೈಟ್ ಡಿಸ್ಪ್ಲೇ ಮ್ಯಾನೇಜರ್' ಅಂತ ಕಂಡಿತು. ಲಾಗಿನ್ ಪರದೆ ತರುವ ಸಾಫ್ಟ್‌ವೇರ್ ಅದು, ಚಿಕ್ಕದಾಗಿ ಲೈಟ್‌ಡಿಎಂ. ನೋಮೋಡ್‌ಸೆಟ್ ಯಾಕೆ ಸಾಕಾಗಲಿಲ್ಲ ಅನ್ನುವುದು ಮುಂದಿನ ಹಂತದಲ್ಲಿ ಗೊತ್ತಾಯಿತು.

4. ಲಾಗ್ ಓದಿದ್ದು

ಮತ್ತೆ ಎಫ್3. 'ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಲೈಟ್‌ಡಿಎಂ' ಕೊಟ್ಟೆ. ಸ್ಥಿತಿ: ಫೇಲ್ಡ್. ಕೊನೆಯ ಸಾಲಿನಲ್ಲಿ, ಮತ್ತೆ ಮತ್ತೆ ಬೇಗ ಬೇಗ ಶುರುವಾಗಲು ನೋಡಿದ್ದರಿಂದ ನಿಲ್ಲಿಸಿದ್ದೇನೆ ಅನ್ನುವ ಅರ್ಥದ ಮಾತು. ಇದು ರೋಗದ ಹೆಸರಲ್ಲ. ಲೈಟ್‌ಡಿಎಂ ಎದ್ದು ಬಿದ್ದು ಸಾಕಾಗಿ, ಇಂಥ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಕೈಬಿಟ್ಟಿದೆ ಅಂತ ಮಾತ್ರ. ಇಲ್ಲಿಗೇ ನಿಂತು ಲೈಟ್‌ಡಿಎಂ ಕಿತ್ತು ಮತ್ತೆ ಹಾಕುವವರು ಬಹಳ ಜನ. ಅದರಿಂದ ಏನೂ ಆಗುವುದಿಲ್ಲ, ಕೆಳಗೆ ಪರದೆಯ ಮೇಲೆ ಚಿತ್ರ ಬರೆಯುವ ಎಕ್ಸ್ ಸರ್ವರ್ ಏಳದಿದ್ದರೆ ಮೇಲಿನದು ಯಾವುದಿದ್ದರೇನು.

ಎಕ್ಸ್ ಸರ್ವರ್ ತನ್ನ ಲಾಗನ್ನು ವರ್ ಫೋಲ್ಡರಿನ ಒಳಗೆ ಲಾಗ್ ಫೋಲ್ಡರಿನಲ್ಲಿ 'ಎಕ್ಸ್‌ಆರ್ಗ್.0.ಲಾಗ್' ಅನ್ನುವ ಹೆಸರಿನಲ್ಲಿ ಬರೆದಿಡುತ್ತದೆ. ತೆರೆಯುವ ಮುಂಚೆ 'ಎಲ್‌ಎಸ್ -ಎಲ್' ಕೊಟ್ಟು ಫೈಲಿನ ಸಮಯ ನೋಡಿ. ಹೋದ ವಾರದ ಲಾಗನ್ನು ಇವತ್ತಿನದು ಅಂತ ಓದುತ್ತಾ ಕೂರುವುದು ಸುಲಭ, ಯಾಕೆಂದರೆ ಶುರುವಿನ ಒಂದೆರಡು ಬಿಟ್ಟರೆ ಒಳಗಿನ ಸಾಲುಗಳಲ್ಲಿ ತಾರೀಖಿರುವುದಿಲ್ಲ, ಬೂಟ್ ಆದಾಗಿನಿಂದ ಎಷ್ಟು ಸೆಕೆಂಡು ಅಂತ ಮಾತ್ರ ಇರುತ್ತದೆ.

ಉದ್ದದ ಫೈಲು, ಪೂರ್ತಿ ಓದುವ ಅಗತ್ಯವಿಲ್ಲ. ತಪ್ಪಿನ ಸಾಲುಗಳ ಮುಂದೆ ಆವರಣದೊಳಗೆ ದೊಡ್ಡಕ್ಷರದ ಎರಡು 'ಇ' ಇರುತ್ತವೆ. ಗ್ರೆಪ್‌ನಲ್ಲಿ ಅಷ್ಟನ್ನೇ ಸೋಸಿದೆ. ಉಳಿದದ್ದರಲ್ಲಿ ಮುಖ್ಯವಾದ ಎರಡು: ಎನ್ವಿಡಿಯಾ ಕರ್ನಲ್ ಮಾಡ್ಯೂಲನ್ನು (ಕರ್ನಲ್‌ಗೆ ಸೇರಿಕೊಳ್ಳುವ ಡ್ರೈವರಿನ ತುಣುಕು) ಶುರು ಮಾಡಲಾಗಲಿಲ್ಲ, ಆಮೇಲೆ 'ನೋ ಸ್ಕ್ರೀನ್ಸ್ ಫೌಂಡ್'.

'ಎಲ್‌ಎಸ್‌ಮಾಡ್' ಕೊಟ್ಟು ಎನ್ವಿಡಿಯಾ ಅಂತ ಹುಡುಕಿದರೆ ಏನೂ ಇಲ್ಲ. ಮಾಡ್ಯೂಲ್ ಲೋಡೇ ಆಗಿಲ್ಲ. ಆಯಾ ಕರ್ನಲ್‌ಗೆ ಮಾಡ್ಯೂಲ್ ಕಟ್ಟಿಕೊಡುವ ಸಾಧನ ಡಿಕೆಎಂಎಸ್. 'ಡಿಕೆಎಂಎಸ್ ಸ್ಟೇಟಸ್' ಕೊಟ್ಟಾಗ ಎನ್ವಿಡಿಯಾ 470.256.02ರ ಮುಂದೆ 'ಆಡೆಡ್' ಅಂತಷ್ಟೇ ಇತ್ತು. ಸರಿಯಿದ್ದರೆ ಅಲ್ಲಿ ಕರ್ನಲ್ ಹೆಸರಿನ ಜೊತೆ 'ಇನ್‌ಸ್ಟಾಲ್ಡ್' ಅಂತಿರಬೇಕು. ಡ್ರೈವರಿನ ಮೂಲ ಯಂತ್ರದಲ್ಲಿದೆ, ಆದರೆ 6.8 ಕರ್ನಲ್‌ಗೆ ಬೇಕಾದ ಮಾಡ್ಯೂಲ್ ತಯಾರಾಗಿಲ್ಲ.

ಹಾಗಾದರೂ ಲಿನಕ್ಸ್ ಕಡಿಮೆ ರೆಸಲ್ಯೂಷನ್ನಿನಲ್ಲಿ ಹೇಗೋ ಒಂದು ಪರದೆ ತೋರಿಸಬೇಕಿತ್ತು. ಅದಕ್ಕೆ ಅಡ್ಡ ಬಂದದ್ದು ಇಟಿಸಿ ಫೋಲ್ಡರಿನ ಎಕ್ಸ್11 ಒಳಗಿದ್ದ 'ಎಕ್ಸ್‌ಆರ್ಗ್.ಕಾನ್ಫ್'. ಎರಡು ಮಾನಿಟರು ಜೋಡಿಸಿದ ಕಾಲದಲ್ಲಿ ಎನ್ವಿಡಿಯಾ ಸೆಟ್ಟಿಂಗ್ಸ್‌ನಲ್ಲಿ ಸೇವ್ ಗುಂಡಿ ಒತ್ತಿದಾಗ ಹುಟ್ಟಿದ ಫೈಲದು. ಅದರಲ್ಲಿ ಡ್ರೈವರ್ ಎನ್ವಿಡಿಯಾ ಅಂತ ಖಡಕ್ಕಾಗಿ ಬರೆದಿತ್ತು. ಆ ಸಾಲಿದ್ದರೆ ಎಕ್ಸ್ ಸರ್ವರ್ ಬೇರೆ ಡ್ರೈವರಿನ ಕಡೆ ತಿರುಗಿಯೂ ನೋಡುವುದಿಲ್ಲ. ನೋಮೋಡ್‌ಸೆಟ್ ಸೋತದ್ದೂ ಇದಕ್ಕೇ.

5. ಕಾನ್ಫ್ ಫೈಲ್ ಪಕ್ಕಕ್ಕಿಟ್ಟದ್ದು, ಮೊದಲನೆಯ ದೂರು ಮತ್ತೆ ಕಂಡದ್ದು

ಅಳಿಸಲಿಲ್ಲ. 'ಸುಡೋ ಎಂವಿ' ಕೊಟ್ಟು ಹೆಸರಿನ ಕೊನೆಗೆ 'ಹಳೆ' ಅನ್ನುವ ಬಾಲ ಸೇರಿಸಿದೆ. ಸುಡೋ ಅಂದರೆ ಕಮ್ಯಾಂಡನ್ನು ರೂಟ್ ಹೆಸರಿನಲ್ಲಿ ನಡೆಸು ಅಂತ, ರೂಟ್ ಅಂದರೆ ಎಲ್ಲ ಅಧಿಕಾರವಿರುವ ಖಾತೆ. 'ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಲೈಟ್‌ಡಿಎಂ'. ಒಂದೇ ಮಾನಿಟರಿನಲ್ಲಿ, 1024 x 768ರಲ್ಲಿ, ಅಕ್ಷರಗಳು ದಪ್ಪ ದಪ್ಪಗೆ, ಲಾಗಿನ್ ಪರದೆ ಬಂತು.

ಹುಡುಗ ಪಾಸ್‌ವರ್ಡ್ ಹಾಕಿದ. ಪರದೆ ಕ್ಷಣ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂತು. "ಇದೇ ಅಣ್ಣ, ಮುಂಚೆ ಆಗ್ತಿದ್ದಿದ್ದು ಇದೇ" ಅಂದ. ತಪ್ಪು ಪಾಸ್‌ವರ್ಡ್ ಹಾಕಿದರೆ ತಪ್ಪು ಅಂತ ಹೇಳುತ್ತದೆ, ಸರಿಯಾದದ್ದು ಹಾಕಿದರೆ ಸುಮ್ಮನೆ ವಾಪಸ್. ಅಂದರೆ ಪಾಸ್‌ವರ್ಡ್ ಒಪ್ಪಿ ಒಳಗೆ ಬಿಟ್ಟ ಮೇಲೆ ಡೆಸ್ಕ್‌ಟಾಪ್ ಶುರುವಾಗುವಾಗ ಬೀಳುತ್ತಿದೆ.

ಇಂಥದಕ್ಕೆ ಸಾಮಾನ್ಯವಾಗಿ ಇರುವ ಕಾರಣಗಳು ಕೆಲವೇ. ಮನೆ ಫೋಲ್ಡರಿನ '.ಎಕ್ಸ್‌ಅಥಾರಿಟಿ' ಫೈಲು ರೂಟ್ ಹೆಸರಿಗೆ ಹೋಗಿರುವುದು, ಟೆಂಪ್ ಫೋಲ್ಡರಿನ ಅನುಮತಿ 1777 (ಎಲ್ಲರೂ ಬರೆಯಬಹುದು ಅಂತ) ಇಲ್ಲದಿರುವುದು, ಡಿಸ್ಕ್ ತುಂಬಿರುವುದು. ಮೊದಲ ಎರಡನ್ನು 'ಎಲ್‌ಎಸ್ -ಎಲ್‌ಎ' ಕೊಟ್ಟು ನೋಡಿದೆ. ಒಡೆತನ ಸರಿಯಿತ್ತು, ಅನುಮತಿಯೂ ಸರಿ. ಮೂರನೆಯದಕ್ಕೆ 'ಡಿಎಫ್ -ಎಚ್'.

ರೂಟ್ ಪಾರ್ಟಿಷನ್ (ಸಿಸ್ಟಮ್ಮೂ ಫೈಲುಗಳೂ ಇರುವ ಡಿಸ್ಕಿನ ಭಾಗ): ಒಟ್ಟು 219 ಜಿಬಿ, ಬಳಸಿದ್ದು 208, ಉಳಿದದ್ದು 0, ಶೇಕಡಾ 100.

219ರಲ್ಲಿ 208 ಕಳೆದರೆ 11 ಉಳಿಯಬೇಕಲ್ಲ ಅಂತ ಮಾವ ತಕ್ಷಣ ಕೇಳಿದರು, ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ. ಎಕ್ಸ್‌ಟಿ4 ಫೈಲ್ ಸಿಸ್ಟಮ್ ಶೇಕಡಾ 5ರಷ್ಟು ಜಾಗವನ್ನು ರೂಟ್‌ಗಾಗಿ ಕಾದಿರಿಸಿರುತ್ತದೆ. ಆ 11 ಜಿಬಿ ಅದೇ. ಲಾಗಿನ್ ಪರದೆ ಯಾಕೆ ಬರುತ್ತದೆ, ಡೆಸ್ಕ್‌ಟಾಪ್ ಯಾಕೆ ಬರುವುದಿಲ್ಲ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ರೂಟ್ ಆಗಿ ನಡೆಯುವ ಎಕ್ಸ್ ಸರ್ವರ್‌ಗೆ ಬರೆಯಲು ಜಾಗ ಸಿಗುತ್ತದೆ. ಹುಡುಗನ ಹೆಸರಿನಲ್ಲಿ ಡೆಸ್ಕ್‌ಟಾಪ್ ಶುರುವಾಗಬೇಕಾದರೆ ಅವನ ಮನೆ ಫೋಲ್ಡರಿನಲ್ಲಿ ಕೆಲವು ಸಣ್ಣ ಫೈಲುಗಳನ್ನು ಬರೆಯಲೇಬೇಕು, ಅವಕ್ಕೆ ಒಂದು ಬೈಟೂ ಇಲ್ಲ.

ಇಷ್ಟು ಕಂಡ ಮೇಲೆ, ಸಾಫ್ಟ್‌ವೇರ್ ಹಾಕುವ ತೆಗೆಯುವ ಸಾಧನವಾದ ಆಪ್ಟ್‌ನ ಹಿಸ್ಟರಿ ಲಾಗ್ ತೆಗೆದೆ. ಯಾವ ದಿನ ಏನು ಹಾಕಿದರು, ಏನು ತೆಗೆದರು ಅಂತ ಅದರಲ್ಲಿರುತ್ತದೆ. ಹುಡುಗನನ್ನೂ ಪಕ್ಕ ಕೂರಿಸಿಕೊಂಡು ಒಂದೊಂದೇ ತಾಳೆ ಹಾಕಿದೆ. ನಡೆದದ್ದು ಹೀಗೆ:

ಡಿಸ್ಕ್ ತುಂಬಿ ಲಾಗಿನ್ ಆಗದೆ ಹೋಗುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಒಳಗೆ ಬಿಡುತ್ತಿತ್ತು, ಯಾಕೆಂದರೆ ಬೂಟ್ ಆಗುವಾಗ ಟೆಂಪ್ ಫೋಲ್ಡರ್ ಖಾಲಿಯಾಗಿ ಒಂದಿಷ್ಟು ಎಂಬಿ ಬಿಡುವಾಗುತ್ತದೆ. ಒಳಗೆ ಹೋದಾಗ ಜಾಗವಿಲ್ಲ ಅನ್ನುವ ಸೂಚನೆ ನೋಡಿ ಹುಡುಗ ಹಳೆಯ ಪಿಡಿಎಫ್‌ಗಳನ್ನು ಅಳಿಸಿದ, ಅಪ್‌ಡೇಟ್ ಮ್ಯಾನೇಜರಿನಲ್ಲಿ 'ಹಳೇದು' ಅಂತ ಕಂಡ ಕರ್ನಲ್‌ಗಳನ್ನೂ ತೆಗೆದ. ಪರಿಚಯದ ಯಾರೋ ಫೋನಿನಲ್ಲಿ "ಹೊಸ ಕರ್ನಲ್ ಹಾಕು, ಸರಿಹೋಗುತ್ತೆ" ಅಂದರು. ಅದೇ ಕಿಟಕಿಯಲ್ಲಿ 6.8 ಆರಿಸಿ ಹಾಕಿದ. ಉಳಿದ ಅಪ್‌ಡೇಟ್‌ಗಳು ಹಾಗೇ ಬಾಕಿ. ಹೊಸ ಕರ್ನಲ್ ಬಂದು ಡಿಸ್ಕ್ ಮತ್ತೆ ತುಂಬಿತು, ಅದಕ್ಕೆ ಎನ್ವಿಡಿಯಾ ಮಾಡ್ಯೂಲ್ ತಯಾರಾಗಲಿಲ್ಲ, ಪರದೆ ಕಪ್ಪಾಯಿತು.

"ನಾನು ಹಾಳು ಮಾಡಿದ್ನಾ ಅಣ್ಣ?" ಅಂದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಜಾಗವಿಲ್ಲ ಅಂತ ಯಂತ್ರ ಕೂಗಿದಾಗ ಜಾಗ ಮಾಡಲು ಹೋದದ್ದು ಸರಿಯಾದ ಯೋಚನೆಯೇ.

6. ಜಾಗ ಬಿಡಿಸಿದ್ದು

ಯಾವ ಫೋಲ್ಡರು ಎಷ್ಟು ಜಾಗ ಹಿಡಿದಿದೆ ಅಂತ ನೋಡಲು ಬರಹದ ಪರದೆಯಲ್ಲೇ 'ಸುಡೋ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 /' ಕೊಟ್ಟು, ಪೈಪ್ ಹಾಕಿ 'ಸಾರ್ಟ್ -ಎಚ್'ಗೆ ಕಳಿಸಿದೆ. ಕೆಳಗಿನಿಂದ ಮೇಲಕ್ಕೆ ಓದಿದರೆ: ಹೋಮ್ 119 ಜಿಬಿ, ಟೈಮ್‌ಶಿಫ್ಟ್ 64, ಯುಎಸ್ಆರ್ 13, ವರ್ 9. ಉಳಿದದ್ದು ಚಿಲ್ಲರೆ.

ಟೈಮ್‌ಶಿಫ್ಟ್ ಮಿಂಟ್‌ನ ಜೊತೆಗೇ ಬರುವ ಬ್ಯಾಕಪ್ ಸಾಧನ. ಅದನ್ನು ಅದೇ ಎಸ್‌ಎಸ್‌ಡಿಗೆ, ದಿನವೂ ವಾರವೂ ತೆಗೆಯುವಂತೆ ಹೊಂದಿಸಿಟ್ಟಿದ್ದರು. ಅದು ಉಳಿಸುವುದು ಸಿಸ್ಟಮ್ ಫೈಲುಗಳನ್ನು, ಪತ್ರಿಕೆಗಳನ್ನಲ್ಲ. ಎಸ್‌ಎಸ್‌ಡಿ ಸತ್ತರೆ ಸಿಸ್ಟಮ್ಮೂ ಅದರ ಬ್ಯಾಕಪ್ಪೂ ಒಟ್ಟಿಗೆ ಹೋಗುತ್ತವೆ. 'ಸುಡೋ ಟೈಮ್‌ಶಿಫ್ಟ್ --ಲಿಸ್ಟ್' ಕೊಟ್ಟು ಪಟ್ಟಿ ನೋಡಿ, ಇತ್ತೀಚಿನ ಒಂದನ್ನು ಬಿಟ್ಟು ಉಳಿದವನ್ನು 'ಸುಡೋ ಟೈಮ್‌ಶಿಫ್ಟ್ --ಡಿಲೀಟ್ --ಸ್ನ್ಯಾಪ್‌ಶಾಟ್' ಕೊಟ್ಟು, ಮುಂದೆ ಅದರ ಹೆಸರು ಬರೆದು ತೆಗೆದೆ. ಮೊದಲನೆಯದನ್ನು ತೆಗೆದಾಗ ಡಿಎಫ್‌ನಲ್ಲಿ ಏನೂ ಬದಲಾವಣೆ ಕಾಣದಿದ್ದರೆ ನಿರಾಶರಾಗಬೇಡಿ. ಬದಲಾಗದ ಫೈಲುಗಳನ್ನು ಎಲ್ಲ ಸ್ನ್ಯಾಪ್‌ಶಾಟ್‌ಗಳೂ ಹಾರ್ಡ್‌ಲಿಂಕ್ ಮೂಲಕ ಹಂಚಿಕೊಂಡಿರುತ್ತವೆ, ಹಂಚಿಕೊಂಡವರೆಲ್ಲ ಹೋದ ಮೇಲೇ ಜಾಗ ಬಿಡುವಾಗುವುದು. ಕೊನೆಗೆ 38 ಜಿಬಿ ಸಿಕ್ಕಿತು.

ಸಿಸ್ಟಮ್ಮಿನ ಲಾಗುಗಳು ಸೇರುವ ಜರ್ನಲ್ 3.9 ಜಿಬಿ ಇತ್ತು. 'ಸುಡೋ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ' ಕೊಟ್ಟು ಇಳಿಸಿದೆ. ಇಳಿಸಿಕೊಂಡ ಪ್ಯಾಕೇಜುಗಳ ಪ್ರತಿಗಳನ್ನು ಅಳಿಸುವ 'ಸುಡೋ ಆಪ್ಟ್ ಕ್ಲೀನ್' 1.8 ಜಿಬಿ ಕೊಟ್ಟಿತು.

ಆಮೇಲೆ ಹೋಮ್. ಹುಡುಗ ಅಷ್ಟೊಂದು ಪಿಡಿಎಫ್ ಅಳಿಸಿದ್ದರೂ ಜಾಗ ಯಾಕೆ ಆಗಿರಲಿಲ್ಲ ಅನ್ನುವುದು ಇಲ್ಲಿ ತಿಳಿಯಿತು. ಎಲ್ಲವೂ ಕಸದ ಬುಟ್ಟಿಯಲ್ಲಿ ಕೂತಿದ್ದವು. ಮನೆ ಫೋಲ್ಡರಿನೊಳಗೆ .ಲೋಕಲ್, ಶೇರ್, ಟ್ರ್ಯಾಶ್ ಅಂತ ಒಳಗೊಳಗೆ ಹೋದರೆ ಎರಡು ಫೋಲ್ಡರುಗಳಿವೆ. 'ಫೈಲ್ಸ್'ನಲ್ಲಿ ಅಳಿಸಿದ ಫೈಲುಗಳು, 'ಇನ್ಫೋ'ದಲ್ಲಿ ಪ್ರತಿಯೊಂದಕ್ಕೂ ಒಂದು ಚೀಟಿ: ಮೊದಲು ಎಲ್ಲಿತ್ತು, ಯಾವಾಗ ಅಳಿಸಿದ್ದು. ಒಟ್ಟು 17 ಜಿಬಿ.

ಖಾಲಿ ಮಾಡುವ ಮುಂಚೆ ಮಾವನನ್ನು ಕರೆದು ಹೆಸರುಗಳನ್ನು ಓದಿ ಹೇಳಿದೆ. ನಡುವೆ ತಡೆದರು. "ಅದು ಕರಗದ ಪತ್ರಿಕೆ, ತೆಗೀಬೇಡ. ಪ್ರತಿ ವರ್ಷ ತಾರೀಖು ಬದಲಾಯಿಸಿ ಅದನ್ನೇ ಕೊಡೋದು." ಆಮೇಲೆ ಇನ್ನೂ ಒಂದು ಗೃಹಪ್ರವೇಶದ ಮಾದರಿ, ಒಂದು ಮುಂಜಿಯದು. ಅವನ್ನು ಪೆನ್ ಡ್ರೈವಿಗೆ ಹಾಕಬೇಕಿತ್ತು. ಬರಹದ ಪರದೆಯಲ್ಲಿ ಪೆನ್ ಡ್ರೈವ್ ತಾನಾಗಿ ತೆರೆದುಕೊಳ್ಳುವುದಿಲ್ಲ. 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟು ಅದರ ಹೆಸರು ನೋಡಿಕೊಂಡು, ಇಲ್ಲಿ ಅದು ಎಸ್‌ಡಿಬಿ1, 'ಸುಡೋ ಮೌಂಟ್ /ಡೆವ್/ಎಸ್‌ಡಿಬಿ1 /ಎಂಎನ್‌ಟಿ' ಅಂತ ಕೊಟ್ಟೆ. ಕಾಪಿ ಆದ ಮೇಲೆ 'ಸುಡೋ ಯುಮೌಂಟ್ /ಎಂಎನ್‌ಟಿ'. ಯುಮೌಂಟ್‌ನಲ್ಲಿ 'ಯು' ಆದಮೇಲೆ 'ಎನ್' ಇಲ್ಲ ಅನ್ನುವುದನ್ನು ನೆನಪಿಡಿ. ಯುಮೌಂಟ್ ಮಾಡದೆ ಕಿತ್ತರೆ ಕಾಪಿ ಆಗಿದೆ ಅಂದುಕೊಂಡದ್ದು ಆಗಿರುವುದಿಲ್ಲ.

ಬುಟ್ಟಿ ಖಾಲಿ ಮಾಡಿ ಡಿಎಫ್ ನೋಡಿದರೆ ಸುಮಾರು 60 ಜಿಬಿ ಬಿಡುವು. ಲೈಟ್‌ಡಿಎಂ ರೀಸ್ಟಾರ್ಟ್, ಪಾಸ್‌ವರ್ಡ್, ಡೆಸ್ಕ್‌ಟಾಪ್ ಬಂತು. ಮೂಲೆಯಲ್ಲಿ ಸಿನಮನ್‌ನ ಎಚ್ಚರಿಕೆ: ಸಾಫ್ಟ್‌ವೇರ್ ರೆಂಡರಿಂಗ್‌ನಲ್ಲಿ ಓಡುತ್ತಿದ್ದೇನೆ, ಪ್ರೊಸೆಸರಿನ ಮೇಲೆ ಹೊರೆ ಜಾಸ್ತಿ. ಇಂಕ್‌ಸ್ಕೇಪ್ ತೆರೆಯಿತು, ಕನ್ನಡ ಕೀಲಿಮಣೆ ಸರಿಯಿತ್ತು. ಮರುದಿನ ಬೆಳಿಗ್ಗೆ ಕೊಡಬೇಕಿದ್ದ ಎರಡು ಪತ್ರಿಕೆಗಳನ್ನು ಹುಡುಗ ಆ ದಪ್ಪ ಅಕ್ಷರದ ಪರದೆಯಲ್ಲೇ ಮುಗಿಸಿ ಪಿಡಿಎಫ್ ಮಾಡಿ ಕಳಿಸಿದ. ಶುಕ್ರವಾರಕ್ಕೆ ಅಲ್ಲಿಗೆ ನಿಲ್ಲಿಸಿದೆವು.

7. ಶನಿವಾರ: ಡ್ರೈವರ್

ಅಂಗಡಿಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ನನ್ನ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದೆ. ಮಿಂಟ್ ಅದನ್ನು ತಂತಿಯ ನೆಟ್‌ವರ್ಕ್ ಅಂತ ತಾನೇ ಹಿಡಿದುಕೊಂಡಿತು.

'ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ' ಕೊಟ್ಟೆ. ಅರ್ಧಕ್ಕೆ ನಿಂತ ಪ್ಯಾಕೇಜುಗಳಿದ್ದರೆ ಇದು ಮುಗಿಸುತ್ತದೆ, ಇಲ್ಲವೇ ಯಾಕೆ ಮುಗಿಯುತ್ತಿಲ್ಲ ಅಂತ ಹೇಳುತ್ತದೆ. 6.8ರ ಹೆಡರ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟಲು ಬೇಕಾದ ಕರ್ನಲ್ ಫೈಲುಗಳು) ಅರ್ಧದಲ್ಲಿತ್ತು. ಎನ್ವಿಡಿಯಾ ಮಾಡ್ಯೂಲ್ ಕಟ್ಟಲು ಹೋಗಿ ಬಿದ್ದು, ಮೇಕ್ ಲಾಗ್ (ಕಟ್ಟುವಾಗ ಬರೆದಿಟ್ಟ ದಾಖಲೆ) ನೋಡಿ ಅಂತ ದಾರಿ ತೋರಿಸಿತು.

ಆ ಮೇಕ್ ಲಾಗ್ ನೂರಾರು ಸಾಲು. ಕೊನೆಯ ಸಾಲುಗಳಲ್ಲಿ ಏನೂ ಸಿಗುವುದಿಲ್ಲ, ಅಲ್ಲಿ 'ಎರರ್ 2' ಅಂತ ಮುಗಿಯುತ್ತದೆ ಅಷ್ಟೇ. ಮೊದಲ ತಪ್ಪು ಎಲ್ಲಿದೆ ಅಂತ ಮೇಲಿನಿಂದ ಹುಡುಕಬೇಕು. ಸಿಕ್ಕಿತು: 'ಎಫ್‌ಟ್ರಿವಿಯಲ್-ಆಟೋ-ವರ್-ಇನಿಟ್=ಝೀರೋ' ಅನ್ನುವ ಆಯ್ಕೆ ನನಗೆ ಗೊತ್ತಿಲ್ಲ ಅಂತ, ಡ್ರೈವರಿನ ಮೂಲವನ್ನು ಯಂತ್ರಭಾಷೆಗೆ ತಿರುಗಿಸುವ ಸಿ ಕಂಪೈಲರ್ ದೂರುತ್ತಿತ್ತು.

ಇದರ ಅರ್ಥ ಸರಳ. ಆ ಆಯ್ಕೆ ಬಂದದ್ದೇ ಆ ಕಂಪೈಲರಿನ, ಅಂದರೆ ಜಿಸಿಸಿಯ, 12ನೇ ಆವೃತ್ತಿಯಲ್ಲಿ. ಉಬುಂಟು 22.04ರ, ಹಾಗಾಗಿ ಅದರ ಮೇಲೆ ನಿಂತ ಮಿಂಟ್ 21ರ, ಮಾಮೂಲಿ ಕಂಪೈಲರ್ ಜಿಸಿಸಿ 11. ಆದರೆ 6.8 ಕರ್ನಲನ್ನು ಕಟ್ಟಿರುವುದು ಜಿಸಿಸಿ 12ರಿಂದ. ಹೊರಗಿನ ಮಾಡ್ಯೂಲನ್ನೂ ಅದೇ ಆಯ್ಕೆಗಳ ಜೊತೆ ಕಟ್ಟಬೇಕು, ಈ ಯಂತ್ರದಲ್ಲಿ ಆ ಕಂಪೈಲರ್ ಇಲ್ಲ. ಕರ್ನಲ್ ಒಂದನ್ನೇ ಆರಿಸಿ ಹಾಕಿ ಉಳಿದ ಅಪ್‌ಡೇಟ್‌ಗಳನ್ನು ಬಿಟ್ಟದ್ದರ ಫಲ.

'ಸುಡೋ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12'. ಮತ್ತೆ ಡಿಪಿಕೆಜಿ. ಮತ್ತೆ ಅದೇ ತಪ್ಪು. ಜಿಸಿಸಿ 12 ಬಂದು ಕೂತಿದ್ದರೂ 'ಜಿಸಿಸಿ' ಅಂತ ಬರೀ ಹೆಸರಿನಿಂದ ಕರೆದರೆ ಓಗೊಡುತ್ತಿದ್ದದ್ದು 11. 'ಜಿಸಿಸಿ --ವರ್ಷನ್' ಕೊಟ್ಟು ಖಚಿತ ಮಾಡಿಕೊಂಡೆ. ಇದಕ್ಕೆ 'ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಇನ್‌ಸ್ಟಾಲ್ /ಯುಎಸ್ಆರ್/ಬಿನ್/ಜಿಸಿಸಿ ಜಿಸಿಸಿ /ಯುಎಸ್ಆರ್/ಬಿನ್/ಜಿಸಿಸಿ-12 12'. ಕೊನೆಯ 12 ಆದ್ಯತೆಯ ಸಂಖ್ಯೆ, ಆವೃತ್ತಿಯಲ್ಲ. ಮತ್ತೆ ವರ್ಷನ್ ಕೇಳಿದರೆ 12 ಅಂದಿತು.

ಈಗ ಡಿಪಿಕೆಜಿ ಕೊಟ್ಟಾಗ ಫ್ಯಾನ್ ಜೋರಾಗಿ ತಿರುಗತೊಡಗಿತು. ಅದು ಒಳ್ಳೆಯ ಲಕ್ಷಣ, ಕಂಪೈಲ್ ನಿಜವಾಗಿ ನಡೆಯುತ್ತಿದೆ. ಈ ಪ್ರೊಸೆಸರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ನಡುವೆ ಸ್ವಿಚ್ ಆಫ್ ಮಾಡಬಾರದು. ಯುಪಿಎಸ್‌ನಲ್ಲಿ ಚಾರ್ಜ್ ಇದೆಯೇ ಅಂತ ಮೊದಲೇ ನೋಡಿಕೊಂಡಿದ್ದೆ. ಮುಗಿದ ಮೇಲೆ 'ಡಿಕೆಎಂಎಸ್ ಸ್ಟೇಟಸ್' ಕೇಳಿದರೆ 6.8ರ ಹೆಸರಿನ ಮುಂದೆ 'ಇನ್‌ಸ್ಟಾಲ್ಡ್'.

'ಸುಡೋ ಮಾಡ್‌ಪ್ರೋಬ್ ಎನ್ವಿಡಿಯಾ' ಸದ್ದಿಲ್ಲದೆ ಒಳಗೆ ಹೋಯಿತು. ಇಲ್ಲಿ ಕೀಲಿ ತಿರಸ್ಕೃತವಾಗಿದೆ ಅನ್ನುವ ಅರ್ಥದ ತಪ್ಪು ಬಂದರೆ ಸಹಿಯಿಲ್ಲದ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದೆ ಅಂತ ತಿಳಿಯಿರಿ. 'ಮಾಕ್‌ಯುಟಿಲ್ --ಎಸ್‌ಬಿ-ಸ್ಟೇಟ್' ಅದನ್ನು ಹೇಳುತ್ತದೆ. ಈ ಯಂತ್ರದಲ್ಲಿ ಅದು ಮೊದಲಿನಿಂದಲೂ ಆಫ್. ಕೊನೆಗೆ 'ಎನ್ವಿಡಿಯಾ-ಎಸ್‌ಎಂಐ' ಕಾರ್ಡಿನ ಹೆಸರು, ಡ್ರೈವರ್ 470.256.02, ತಾಪಮಾನ ಎಲ್ಲ ತೋರಿಸಿತು.

ರೀಬೂಟ್. ಎರಡೂ ಮಾನಿಟರು ಹತ್ತಿದವು. ಗಿರಾಕಿಯದು ಎಡಗಡೆ ಬದಲು ಬಲಗಡೆ ಇದೆ ಅಂದುಕೊಂಡಿತ್ತು, ಮೌಸ್ ಉಲ್ಟಾ ಓಡುತ್ತಿತ್ತು. ಈ ಸಲ ಎನ್ವಿಡಿಯಾ ಸೆಟ್ಟಿಂಗ್ಸ್ ಮುಟ್ಟಲಿಲ್ಲ. ಸಿನಮನ್‌ನದೇ ಡಿಸ್ಪ್ಲೇ ಕಿಟಕಿಯಲ್ಲಿ ಜಾಗ ಬದಲಿಸಿ ಅಪ್ಲೈ ಕೊಟ್ಟೆ. ಹಳೆಯ ಎಕ್ಸ್‌ಆರ್ಗ್.ಕಾನ್ಫ್ ಬಾಲ ಹಚ್ಚಿಕೊಂಡು ಹಾಗೇ ಮೂಲೆಯಲ್ಲಿದೆ, ವಾಪಸ್ ಹಾಕಿಲ್ಲ. ಇನ್ನೊಮ್ಮೆ ಮಾಡ್ಯೂಲ್ ಕೈಕೊಟ್ಟರೂ ದಪ್ಪ ಅಕ್ಷರದ ಪರದೆಯಾದರೂ ಬರಲಿ.

8. ಉಳಿದ ಕೆಲಸ, ಖರ್ಚು

ಬಾಕಿಯಿದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿದೆ. ಅಪ್‌ಡೇಟ್ ಮ್ಯಾನೇಜರಿನ ಕರ್ನಲ್ ಕಿಟಕಿಯಿಂದ 5.15 ಮತ್ತೆ ಹಾಕಿ, ಗ್ರಬ್‌ನಿಂದ ಅದರಲ್ಲೂ ಬೂಟ್ ಮಾಡಿ ಪರದೆ ಬರುವುದನ್ನು ನೋಡಿದೆ. ಓಡುತ್ತಿರುವ ಕರ್ನಲ್ ಜೊತೆ ಇನ್ನೊಂದು ಯಾವಾಗಲೂ ಇರಲೇಬೇಕು, ಅದನ್ನು ಜಾಗಕ್ಕಾಗಿ ತೆಗೆಯಬಾರದು ಅಂತ ಹುಡುಗನಿಗೆ ಹೇಳಿದ್ದೇನೆ.

ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕಂಪ್ಯೂಟರಿನಿಂದ 500 ಜಿಬಿ ಹಾರ್ಡ್ ಡಿಸ್ಕ್ ಬಿಚ್ಚಿದೆ. ಸಾಟಾ ಕೇಬಲ್ ಇರಲಿಲ್ಲ, ಹುಡುಗ ಎಸ್‌ಪಿ ರಸ್ತೆಗೆ ನಡೆದು ಹೋಗಿ 60 ರೂಪಾಯಿಗೆ ತಂದ. ಡಿಸ್ಕನ್ನು ಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ ಟೈಮ್‌ಶಿಫ್ಟನ್ನು ಅದಕ್ಕೆ ತಿರುಗಿಸಿದೆ, ವಾರಕ್ಕೊಂದರಂತೆ, ಎರಡನ್ನು ಮಾತ್ರ ಇಟ್ಟುಕೊಳ್ಳುವ ಹಾಗೆ. ಟೈಮ್‌ಶಿಫ್ಟ್‌ನ ಆರ್‌ಸಿಂಕ್ ವಿಧಾನಕ್ಕೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಆಗುವುದಿಲ್ಲ. ಪತ್ರಿಕೆಗಳ ಫೋಲ್ಡರಿಗೆ ಬೇರೆಯೇ ಒಂದು ಪ್ರತಿ, ಅದೇ ಡಿಸ್ಕಿನಲ್ಲಿ, ರಾತ್ರಿ ಅಂಗಡಿ ಮುಚ್ಚುವ ಮುಂಚೆ.

ಖರ್ಚು: ಕೇಬಲ್ 60, 64 ಜಿಬಿ ಪೆನ್ ಡ್ರೈವ್ 480. ಒಟ್ಟು 540 ರೂಪಾಯಿ. ಮಾವ ಮಧ್ಯಾಹ್ನ ತರಿಸಿದ ಬಿಸಿಬೇಳೆಬಾತ್ ಇದರಲ್ಲಿ ಸೇರಿಲ್ಲ.

ಕಾರ್ಡಿನ ವಿಷಯ ಬಗೆಹರಿದಿಲ್ಲ. ಜಿಟಿ 710 ಎನ್ವಿಡಿಯಾದ ಹಳೆಯ ಕೆಪ್ಲರ್ ತಲೆಮಾರಿನದು. ಅದಕ್ಕಿರುವ ಕೊನೆಯ ಡ್ರೈವರ್ ಸಾಲು 470, ಅದರ ಭದ್ರತಾ ಅಪ್‌ಡೇಟ್‌ಗಳು ಸೆಪ್ಟೆಂಬರ್ 2024ಕ್ಕೇ ನಿಂತಿವೆ. ಇದಕ್ಕಿಂತ ಹೊಸ ಕರ್ನಲ್‌ಗಳು ಬಂದಂತೆ ಮಾಡ್ಯೂಲ್ ಕಟ್ಟುವುದು ಕಷ್ಟವಾಗುತ್ತಾ ಹೋಗುತ್ತದೆ. ಇಂಕ್‌ಸ್ಕೇಪಿನಲ್ಲಿ ಪತ್ರಿಕೆ ಮಾಡುವ ಯಂತ್ರಕ್ಕೆ ಈ ಕಾರ್ಡೇ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್ ಎರಡು ಮಾನಿಟರು ನಡೆಸುತ್ತದೆ, ಅದರ ಡ್ರೈವರ್ ಕರ್ನಲ್‌ನ ಜೊತೆಗೇ ಬರುತ್ತದೆ, ಕಟ್ಟುವ ತಾಪತ್ರಯವಿಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಮತ್ತು ಡಿವಿಐ ಪೋರ್ಟುಗಳಿವೆ, ಗಿರಾಕಿಯ ಮಾನಿಟರಿಗೆ ಒಂದು ಡಿವಿಐ ಕೇಬಲ್ ಸಾಕು. "ಈಗ ಓಡ್ತಿದೆಯಲ್ಲ, ಮುಟ್ಟಬೇಡ" ಅಂತ ಮಾವ. ಶ್ರಾವಣದ ಪತ್ರಿಕೆಗಳೆಲ್ಲ ಕೈಬಿಟ್ಟ ಮೇಲೆ ಒಂದು ಭಾನುವಾರ ಕಾರ್ಡ್ ಬಿಚ್ಚುವುದು ಅಂತ ಮಾತಾಗಿದೆ.